ದ್ರೋಣಾಚಾರ್ಯರಿಗೊಂದು ಬದನಿಕಾಯಿ

ವಿಜಯಪುರದ ಕಡೆಯ ದ್ರಾಕ್ಷಿಗೆ ಪಾಸ್‌ಪೋರ್ಟ್ ಉಂಟು, ನಮ್ಮ ರೋಣದ ಮೆಂತೆ ಪಲ್ಲೆಗೆ ರೇಷನ್ ಕಾರ್ಡೂ ಇಲ್ಲ. ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ದಾಖಲೆಯೇ ಹಾಗಿದೆ. ಯುರೋಪಿಗೆ ಹಡಗು ಹತ್ತುವ ದ್ರಾಕ್ಷಿ ಯಾವ ತೋಟದ್ದು, ಯಾವ ಪ್ರಯೋಗಾಲಯ ಅದನ್ನು ಪರೀಕ್ಷಿಸಿತು, ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದೆಲ್ಲ ಗ್ರೇಪ್‌ನೆಟ್ ಎಂಬ ಜಾಲದಲ್ಲಿ ಜಾತಕದ ಹಾಗೆ ಬರೆದಿರುತ್ತದೆ. 2003ರಲ್ಲಿ ನೆದರ್‌ಲ್ಯಾಂಡ್ಸಿನವರು ನಮ್ಮ ದೇಶದ ದ್ರಾಕ್ಷಿಯಲ್ಲಿ ಕೀಟನಾಶಕದ ಉಳಿಕೆ ಹಿಡಿದು ಮಾನ ಕಳೆದ ಮೇಲೆ ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ ಅಪೇಡಾದವರಿಗೆ ಎಚ್ಚರವಾಯಿತು. ಪುಣೆಯ ದ್ರಾಕ್ಷಿ ಸಂಶೋಧನಾ ಕೇಂದ್ರಕ್ಕೆ ಉಳಿಕೆ ಪರೀಕ್ಷೆಯ ಹಿರಿತನ ವಹಿಸಿದರು, ಜಾಲ ಹೆಣೆದರು. ಅಷ್ಟಾದರೂ 2010ರಲ್ಲಿ ಬಳ್ಳಿಯ ಸೊಕ್ಕು ಮುರಿಯಲು ಹೊಡೆಯುವ ಕ್ಲೋರ್‌ಮೆಕ್ವಾಟ್ ಎಂಬುದೊಂದು ಸಿಕ್ಕಿಬಿದ್ದು ಕಂಟೇನರುಗಟ್ಟಲೆ ಹಣ್ಣು ನಡುದಾರಿಯಲ್ಲಿ ನಿಂತಿತು. ಯಾಕೆಂದರೆ ಆ ಹೆಸರು ಪರೀಕ್ಷೆಯ ಪಟ್ಟಿಯಲ್ಲೇ ಇರಲಿಲ್ಲ. ಈ ಪಟ್ಟಿಯ ಮಾತನ್ನು ಸ್ವಲ್ಪ ನೆನಪಿಡಿ, ಮುಂದೆ ಬೇಕಾಗುತ್ತದೆ.

ಇತ್ತ ನಮ್ಮ ಮೆಂತೆ ಪಲ್ಲೆ. ನಸುಕಿನಲ್ಲಿ ಕಿತ್ತು ಸಿವುಡು ಕಟ್ಟಿ ಟಂಟಂ ಗಾಡಿಗೆ ಎಸೆದರೆ ಮುಂಜಾನೆ ಸಂತೆಯಲ್ಲಿ, ಮಧ್ಯಾಹ್ನ ನಮ್ಮ ಗಂಗಾಳದಲ್ಲಿ. ನಡುವೆ ಅದಕ್ಕೆ ಎದುರಾಗುವ ತನಿಖೆ ಒಂದೇ: ‘ಹತ್ತಕ್ಕ ಎಷ್ಟ ಸಿವುಡು?’

ನಮ್ಮ ಕಡೆ ಊಟ ಅಂದರೆ ಅರ್ಧ ಹಸೀದು. ಮೈಸೂರು ಸೀಮೆಯವರು ಸೊಪ್ಪನ್ನು ಬೇಯಿಸುತ್ತಾರೆ, ಬಸಿಯುತ್ತಾರೆ, ಮಸೆಯುತ್ತಾರೆ. ಪಾಪ, ಸೊಪ್ಪು ತಾನು ಸೊಪ್ಪು ಎಂಬುದನ್ನೇ ಮರೆಯುವ ತನಕ ಬಿಡುವುದಿಲ್ಲ. ರೋಣ, ನರಗುಂದ, ಗಜೇಂದ್ರಗಡದಲ್ಲಿ ಹಾಗಲ್ಲ. ಜೋಳದ ರೊಟ್ಟಿಯ ಮಗ್ಗುಲಿಗೆ ಗುದ್ದಿ ಒಡೆದ ಉಳ್ಳಾಗಡ್ಡಿ, ಹಕ್ಕರಕಿ, ಎಳೆ ಮೂಲಂಗಿ, ಸೌತಿಕಾಯಿ, ಗಜ್ಜರಿ, ಮೆಂತೆ ಎಲ್ಲ ಹಸಿಹಸಿಯಾಗಿ ಕೂತಿರುತ್ತವೆ. ಬೆಂಕಿ ಕಾಣುವುದು ರೊಟ್ಟಿ, ಪಲ್ಲೆ, ಬೇಳೆ ಮಾತ್ರ. ಹಿಂಗಾರಿಯಲ್ಲಂತೂ ಎರಿ ಹೊಲದ ತುಂಬ ಕಡಲೆ. ಹಾದಿಯಲ್ಲಿ ಹೋಗುವವರೂ ಗಿಡ ಕಿತ್ತು ಸುಲಗಾಯಿ ಬಿಡಿಸಿ ಬಾಯಿಗೆ ಹಾಕಿಕೊಳ್ಳುವವರೇ. ಕಡಲೆ ಗಿಡದ ಕುಡಿ ಚಿವುಟಿ ತಂದು ಪಲ್ಲೆ ಮಾಡುತ್ತಾರಲ್ಲ, ಅದನ್ನು ತೊಳೆಯಬಾರದು ಎಂದು ಹಿರಿಯರ ಕಟ್ಟಪ್ಪಣೆ. ಎಲೆಯ ಮೇಲಿನ ಕೂದಲಿನಿಂದ ಜಿನುಗುವ ಹುಳಿ ಇದೆಯಲ್ಲ, ರಾತ್ರಿ ಬಟ್ಟೆ ಹಾಸಿ ಇಬ್ಬನಿಯ ಜೊತೆ ಹಿಂಡಿಕೊಳ್ಳುತ್ತಿದ್ದರಲ್ಲ, ಅದೇ ಆ ಪಲ್ಲೆಯ ರುಚಿ. ತೊಳೆದರೆ ಹುಳಿ ಹೋಗುತ್ತದೆ. ಸರಿ. ಆದರೆ ಅದೇ ಗಿಡಕ್ಕೆ ಕಾಯಿಕೊರಕ ಹುಳ ಬಂತೆಂದು ಮೊನ್ನೆ ಪವರ್ ಸ್ಪ್ರೇ ಹೊತ್ತು ಸಾಲಿಡೀ ಹೊಡೆದದ್ದು? ಅದೂ ಹುಳಿಯ ಜೊತೆಗೇ ಕೂತಿದೆ. ಹಿರಿಯರು ಕಟ್ಟಪ್ಪಣೆ ಮಾಡಿದ ಕಾಲಕ್ಕೆ ಪವರ್ ಸ್ಪ್ರೇ ಇರಲಿಲ್ಲ, ಅಪ್ಪಣೆ ಮಾತ್ರ ಜಾರಿಯಲ್ಲಿದೆ.

ಹಿಂದಿನ ಕಾಲ ಬಲು ಶುದ್ಧ ಎನ್ನುವವರಿಗೂ ಒಂದು ಮಾತು. ಹಗೇವಿನಲ್ಲಿ ಜೋಳ ಇಡುವಾಗ ಬೇವಿನ ಸೊಪ್ಪು, ಬೂದಿ ಹಾಕುತ್ತಿದ್ದರು, ನಿಜ. ಆಮೇಲೆ ಬಂದ ಗಮಾಕ್ಸಿನ್ ಪುಡಿಯನ್ನು ಅದೇ ಅಕ್ಕರೆಯಿಂದ ಕಾಳಿನ ಚೀಲಕ್ಕೂ ಇರುವೆಯ ಗೂಡಿಗೂ ಉದುರಿಸಿದವರು ಯಾರು? ಡಿಡಿಟಿಗೆ ಬೇಸಾಯದಿಂದ ಗೇಟ್‌ಪಾಸ್ ಸಿಕ್ಕಿದ್ದು 1989ರಲ್ಲಿ, ಗಮಾಕ್ಸಿನ್ನಿಗೆ 1997ರಲ್ಲಿ. ಶುದ್ಧ ಕಾಲ ಹುಡುಕುತ್ತ ಹೋದರೆ ಹಗೇವಿನ ತಳದಲ್ಲೂ ಸಿಗಲಿಕ್ಕಿಲ್ಲ.

ಇಂಥ ನೆಮ್ಮದಿಯ ಸಂಸಾರಕ್ಕೆ ಬೆಂಗಳೂರಿನಿಂದ ನಮ್ಮ ಅಕ್ಕನ ಅಳಿಯಂದಿರು ಬಂದರು. ಕೈಯಲ್ಲಿ ಸಣ್ಣದೊಂದು ಡಬ್ಬಿ. ಡಬ್ಬಿಯಲ್ಲಿ ಚೀಟಿ, ಚೀಟಿಯ ಮೇಲೆ ಎರಡು ಬಿಲ್ಲೆ, ಜೊತೆಗೊಂದು ಹನಿ ಹಾಕುವ ಕೊಳವೆ.

‘ಮಾವಾರ, ನೀವು ಉಣ್ಣೂದು ಊಟ ಅಲ್ಲ. ಪೂರಾ ಕೆಮಿಕಲ್ಲು.’

ಅಕ್ಕ ಒಳಗಿನಿಂದಲೇ ಕೇಳಿದಳು, ‘ನಿನ್ನಿ ಐದ ರೊಟ್ಟಿ ಕೆಮಿಕಲ್ಲಿನ ಸಂಗಡನ ಹೋದುವೇನ್ರಿ?’

ಅಳಿಯಂದಿರು ವಿಜ್ಞಾನದ ಮನುಷ್ಯರು, ಮಾತಿಗೆ ಬಗ್ಗುವವರಲ್ಲ. ಕಾಯಿಪಲ್ಲೆ ಕೊಚ್ಚಿ, ನೀರಲ್ಲಿ ಅಲುಗಾಡಿಸಿ, ಆ ನೀರಿನ ಹನಿ ಬಿಲ್ಲೆಯ ಮೇಲೆ ಬಿಟ್ಟು, ಕೆಲ ನಿಮಿಷ ಕಾದು, ಚೀಟಿ ಮಡಚಿ ಬೆರಳಿನಿಂದ ಒತ್ತಿ ಹಿಡಿಯಬೇಕಂತೆ. ನೀಲಿ ಬಣ್ಣ ಬಂದರೆ ಕ್ಷೇಮ, ಬಿಳಿಯಾಗಿಯೇ ಉಳಿದರೆ ವಿಷ. ಮನೆಮಂದಿಯೆಲ್ಲ ಸುತ್ತ ಕೂತೆವು. ನರಗುಂದದಿಂದ ಅಂದೇ ಬಂದಿದ್ದ ಬೀಗರೂ ಕೂತರು. ಅವರು ಬರಿಗೈಲಿ ಬಂದವರಲ್ಲ, ತಮ್ಮ ಹೊಲದ ಬದನಿಕಾಯಿಯ ಚೀಲ ತಂದಿದ್ದರು.

ಮೊದಲ ಪಾಳಿ ನಮ್ಮ ಹಿತ್ತಲ ಉಳ್ಳಾಗಡ್ಡಿಯದು. ಅದಕ್ಕೆ ಬಚ್ಚಲ ನೀರು ಬಿಟ್ಟು ಏನೂ ಕಾಣಿಸಿಲ್ಲ. ಚೀಟಿ ಬಿಳಿ. ಬಳ್ಳೊಳ್ಳಿ? ಬಿಳಿ. ಅಕ್ಕನ ಮುಖವೂ ಬಿಳಿ. ಆಮೇಲೆ ಬೀಗರ ಬದನಿಕಾಯಿ. ಚೀಟಿ ನೀಲಿ ಅಂದರೆ ನೀಲಿ, ಕೃಷ್ಣ ಪರಮಾತ್ಮನ ಬಣ್ಣ.

‘ನೋಡ್ರಿ, ಇದು ಸೇಫ್,’ ಅಂದರು ಅಳಿಯಂದಿರು.

ಬೀಗರು ಮೀಸೆಯಲ್ಲೇ ನಕ್ಕರು. ‘ಇದಕ ಮೊನ್ನಿ ಸಂಜೀಕ ನಾನ ಎಣ್ಣಿ ಹೊಡದೇನ್ರಿ ಅಳಿಯಂದಿರ.’

ಚೀಟಿ ಸುಳ್ಳು ಹೇಳಲಿಲ್ಲ, ನಾವು ಕೇಳಿದ ಪ್ರಶ್ನೆ ಅದಕ್ಕೆ ಗೊತ್ತಿರಲಿಲ್ಲ. ಆ ಬಿಲ್ಲೆಯಲ್ಲಿರುವುದು ನರಗಳ ಕೆಲಸಕ್ಕೆ ಬೇಕಾದ ಒಂದು ಕಿಣ್ವ. ಅದು ಜೀವಂತವಾಗಿ ಕೆಲಸ ಮಾಡಿದರೆ ಪಕ್ಕದ ಬಿಲ್ಲೆಯ ಪದಾರ್ಥ ನೀಲಿಯಾಗುತ್ತದೆ. ಆರ್ಗನೊಫಾಸ್ಫೇಟ್, ಕಾರ್ಬಮೇಟ್ ಎಂಬ ಎರಡು ಮನೆತನದ ಕೀಟನಾಶಕಗಳು ಈ ಕಿಣ್ವದ ಕುತ್ತಿಗೆ ಹಿಡಿಯುತ್ತವೆ, ಆಗ ನೀಲಿ ಬರುವುದಿಲ್ಲ. ಹುಳ ಸಾಯುವುದೂ ಹೊಡೆಯುವವನಿಗೆ ಕಣ್ಣು ಮಂಜಾಗಿ ತಲೆ ತಿರುಗುವುದೂ ಇದೇ ಹಿಡಿತದಿಂದ. ತೈವಾನಿನ ಕೃಷಿ ವಿಜ್ಞಾನಿಗಳು 1985ರಲ್ಲಿ ಇಂಥದೇ ಪರೀಕ್ಷೆಗೆ ಮನೆನೊಣದ ಕಿಣ್ವವನ್ನೇ ಬಳಸಿದರು. ಬದುಕಿದ್ದಾಗ ಎಲ್ಲರ ಊಟದ ಮೇಲೆ ಕೂತು ಬೈಸಿಕೊಂಡ ನೊಣ ಸತ್ತ ಮೇಲೆ ಆಹಾರ ಇನ್‌ಸ್ಪೆಕ್ಟರ್ ಆಯಿತು. ಆದರೆ ಈ ಇನ್‌ಸ್ಪೆಕ್ಟರಿಗೆ ಪರಿಚಯ ಇರುವುದು ಆ ಎರಡು ಮನೆತನದ್ದು ಮಾತ್ರ. ಬೀಗರು ಹೊಡೆದದ್ದು ಪೈರೆಥ್ರಾಯ್ಡ್, ಬೇರೆ ಮನೆತನ. ಅದು ನರದ ಮೇಲೆ ಬೇರೆ ಬಾಗಿಲಿನಿಂದ ಹೋಗುತ್ತದೆ. ಇತ್ತ ಉಳ್ಳಾಗಡ್ಡಿ, ಬಳ್ಳೊಳ್ಳಿ, ಮೂಲಂಗಿಯ ಖಾರದ ರಸವೇ ಕಿಣ್ವವನ್ನು ಕೆಣಕಿ ಸುಳ್ಳು ದೂರು ದಾಖಲಿಸುತ್ತದೆ. ಉಳ್ಳಾಗಡ್ಡಿಯ ನಾಡಿಗೆ ಉಳ್ಳಾಗಡ್ಡಿ ಕಂಡರೆ ಗೊಂದಲಗೊಳ್ಳುವ ಚೀಟಿ ತಂದಿದ್ದರು ಅಳಿಯಂದಿರು.

ಅಕ್ಕನಿಗೆ ಕಿಣ್ವದ ಚಿಂತೆ ಇರಲಿಲ್ಲ. ‘ಅಲ್ರೀ ಬೀಗರ, ಮೊನ್ನಿ ಹೊಡದದ್ದು ನಿನ್ನಿ ಹರದು ಇವತ್ತ ನಮಗ ತಂದೀರಿ?’

‘ಮನಿಗಂತ ಬ್ಯಾರೆ ಎರಡ ಸಾಲು ಬಿಟ್ಟೇವ್ರಿ, ಅದಕ ಏನೂ ಹೊಡಿಯೂದಿಲ್ಲ. ಆದ್ರ ಆ ಕಾಯಿ ಹುಳಕ ಅದಾವು. ಬೀಗರ ಮನಿಗೆ ಹುಳಕ ಹ್ಯಾಂಗ ತರೂದು, ಮರ್ಯಾದಿ ಪ್ರಶ್ನಿ.’

ಮರ್ಯಾದೆ ಇಷ್ಟು ಅಪಾಯಕಾರಿ ಎಂದು ನನಗೆ ಗೊತ್ತಿರಲಿಲ್ಲ.

ಚೀಟಿ ಹೋದರೆ ಹೋಗಲಿ, ಖರೇ ಪ್ರಯೋಗಾಲಯಕ್ಕೇ ಕಳಿಸೋಣ ಎಂದು ಅಳಿಯಂದಿರು ಹಟ ಹಿಡಿದರು. ಕೀಟನಾಶಕದ ಉಳಿಕೆ ಅಳೆಯುವ ಸುಸಜ್ಜಿತ ಪ್ರಯೋಗಾಲಯ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿದೆ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿದೆ. ಅಲ್ಲಿಗೆ ಒಂದು ಬದನಿಕಾಯಿ ಒಯ್ದರೆ ನಡೆಯುವುದಿಲ್ಲ. ಅಂತಾರಾಷ್ಟ್ರೀಯ ಆಹಾರ ಸಂಹಿತೆ ಕೋಡೆಕ್ಸ್ ಹೇಳುವ ಪ್ರಕಾರ ಮಧ್ಯಮ ಗಾತ್ರದ ಕಾಯಿಯಾದರೆ ಕನಿಷ್ಠ 1 ಕಿಲೋ, ಹತ್ತಾದರೂ ಕಾಯಿ ಇರಬೇಕು; ದೊಡ್ಡ ಕಾಯಿಯಾದರೆ 2 ಕಿಲೋ, ಐದಾದರೂ ಇರಬೇಕು. ತೊಳೆದು ಒಯ್ಯುವಂತಿಲ್ಲ, ಸಾಕ್ಷ್ಯನಾಶವಾಗುತ್ತದೆ. ಬಾಳೆಹಣ್ಣನ್ನು ಸಿಪ್ಪೆಯ ಸಮೇತ ಅರೆಯುತ್ತಾರೆ, ಯಾರೂ ಹಾಗೆ ತಿನ್ನದಿದ್ದರೂ. ಉಳ್ಳಾಗಡ್ಡಿಯ ಬೇರು, ಮಣ್ಣು, ತಾನಾಗಿ ಕಳಚುವ ಒಣ ಸಿಪ್ಪೆ ಮಾತ್ರ ತೆಗೆಯುತ್ತಾರೆ. ಎಲ್ಲ ಅರೆದು ಮುದ್ದೆ ಮಾಡಿ, ಅದರಲ್ಲಿ ಹತ್ತೋ ಹದಿನೈದೋ ಗ್ರಾಂ ತೆಗೆದು, ಅಸಿಟೊನೈಟ್ರೈಲ್ ಎಂಬ ದ್ರಾವಣ ಸುರಿದು, ಲವಣ ಹಾಕಿ ಕುಲುಕಿ, ಗಿರಗಿರ ತಿರುಗಿಸಿ, ತಿಳಿ ಬಸಿದು, ಬಣ್ಣ ಜಿಡ್ಡು ತೆಗೆಯುತ್ತಾರೆ. ಕ್ವೆಚರ್ಸ್ ಎಂಬ ಈ ವಿಧಾನವನ್ನು ವಿಜ್ಞಾನಿಗಳು ಪ್ರಕಟಿಸಿದ್ದೂ 2003ರಲ್ಲೇ, ನಮ್ಮ ದ್ರಾಕ್ಷಿ ಸಿಕ್ಕಿಬಿದ್ದ ವರ್ಷ. ಅದಕ್ಕೆ ಮೊದಲು ಇದೇ ಕೆಲಸಕ್ಕೆ ಲೀಟರುಗಟ್ಟಲೆ ದ್ರಾವಣ, ದಿನಗಟ್ಟಲೆ ಸಮಯ ಬೇಕಿತ್ತು. ತಿಳಿ ಕೊನೆಗೆ ಕ್ರೊಮ್ಯಾಟೊಗ್ರಾಫ್‌ಗೆ ಹೋಗುತ್ತದೆ. ಅಲ್ಲಿ ಒಂದೊಂದು ರಾಸಾಯನಿಕವೂ ತನ್ನ ತನ್ನ ವೇಗದಲ್ಲಿ ಓಡಿ ಬೇರೆಯಾಗುತ್ತದೆ. ತುದಿಯಲ್ಲಿ ಕೂತ ಮಾಸ್ ಸ್ಪೆಕ್ಟ್ರೊಮೀಟರ್ ಅದನ್ನು ಒಡೆದು ಚೂರಿನ ತೂಕ ನೋಡಿ ಗುರುತು ಹೇಳುತ್ತದೆ. ಯಂತ್ರದ ಬೆಲೆ ಕೋಟಿಯ ಮಾತು. ರೋಣದಲ್ಲಿ ಕೋಟಿ ಎಂದರೆ ನಮಗೆ ನೆನಪಾಗುವುದು ಹುಲಕೋಟಿ ಒಂದೇ.

ಅದರ ಕಣ್ಣು ಎಷ್ಟು ಚೂಪು ಗೊತ್ತೇ? ನಮ್ಮ ಕಾನೂನಿನಲ್ಲಿ ಒಂದು ಔಷಧಕ್ಕೆ ಬೇರೆ ಮಿತಿ ಬರೆದಿಲ್ಲವಾದರೆ ಸಾಮಾನ್ಯ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಹತ್ತು ಟನ್ನಿನ ಹತ್ತು ಲಾರಿ ಉಳ್ಳಾಗಡ್ಡಿ ನಿಲ್ಲಿಸಿ, ಎಲ್ಲದರಲ್ಲೂ ಸೇರಿ ಒಂದು ಗ್ರಾಂ ಔಷಧ ಬೆರೆತಿದ್ದರೆ ಅದು ಮಿತಿ. ಯಂತ್ರ ಅದನ್ನೂ ಹಿಡಿಯುತ್ತದೆ. ಬೀಗರಿಗೆ ಇದನ್ನು ಹೇಳಿದಾಗ ಅವರು, ‘ಹತ್ತ ಲಾರಿ ಲೋಡ್ ಮಾಡಾಕ ಹಮಾಲರ ಸಿಗೂದಿಲ್ಲ, ಒಂದ ಗ್ರಾಂ ಹುಡಕಾಕ ಮಂದಿ ಸಿಗ್ತಾರ?’ ಎಂದರು.

ರೋಣಕ್ಕೆ ದ್ರೋಣಪುರ ಎಂದೂ ಹೇಳುತ್ತಾರೆ, ದ್ರೋಣಾಚಾರ್ಯರ ನಂಟು ನಮ್ಮೂರಿಗೆ. ಮರದ ಮೇಲೆ ಹಕ್ಕಿ ಇಟ್ಟು, ‘ಏನು ಕಾಣಿಸುತ್ತದೆ?’ ಎಂದು ಅವರು ಶಿಷ್ಯರಿಗೆ ಪರೀಕ್ಷೆ ಮಾಡಿದ ಕತೆ ಕೇಳದ ಮಗುವೇ ಇಲ್ಲಿಲ್ಲ. ಒಬ್ಬನಿಗೆ ಮರ, ಒಬ್ಬನಿಗೆ ಟೊಂಗೆ, ಅರ್ಜುನನಿಗೆ ಹಕ್ಕಿಯ ಕಣ್ಣು ಮಾತ್ರ. ರಾಯಚೂರಿನ ಯಂತ್ರವೂ ಅರ್ಜುನನೇ. ಯಾವ ಯಾವ ಔಷಧದ ಗುರುತನ್ನು ಅದಕ್ಕೆ ಮೊದಲೇ ತೋರಿಸಿಟ್ಟಿದ್ದಾರೋ ಅವಷ್ಟೇ ಅದಕ್ಕೆ ಕಾಣುತ್ತವೆ. ಇನ್ನೂರು ಹೆಸರಿನ ಪಟ್ಟಿ ಕೊಟ್ಟರೆ ಇನ್ನೂರನ್ನು ಹುಡುಕುತ್ತದೆ. ಇನ್ನೂರೊಂದನೆಯದು ಎದುರಿಗೇ ಕುಣಿದರೂ ಅದರ ಪಾಲಿಗೆ ಇಲ್ಲ. ದ್ರಾಕ್ಷಿ 2010ರಲ್ಲಿ ಮುಗ್ಗರಿಸಿದ್ದು ಹೀಗೆಯೇ. ‘ಪತ್ತೆಯಾಗಿಲ್ಲ’ ಎಂಬ ವರದಿಯ ಅರ್ಥ ‘ಕೇಳಿದವು ಸಿಗಲಿಲ್ಲ’ ಎಂದಷ್ಟೇ. ಇದನ್ನು ಹೇಳಿದರೆ ಪ್ರಯೋಗಾಲಯದವರು ಸಿಟ್ಟಾಗುವುದಿಲ್ಲ, ಅವರ ವರದಿಯಲ್ಲೇ ಪಟ್ಟಿ ಲಗತ್ತಿಸಿರುತ್ತಾರೆ. ಓದುವವರು ನಾವು ಕೊನೆಯ ಸಾಲು ಮಾತ್ರ ಓದುತ್ತೇವೆ, ಮಕ್ಕಳ ಮಾರ್ಕ್ಸ್ ಕಾರ್ಡು ಓದಿದ ಚಟ.

ಕಾಸರಗೋಡಿನ ಪಡ್ರೆಯಲ್ಲಿ ‘ಸಿಕ್ಕಿತು, ಸಿಗಲಿಲ್ಲ’ ಎಂಬ ಈ ಆಟ ತಮಾಷೆಯಾಗಿ ಮುಗಿಯಲಿಲ್ಲ. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಮೇಲೆ, 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅಲ್ಲಿನ ನೀರು, ಮಣ್ಣು, ಜನರ ರಕ್ತ ಪರೀಕ್ಷಿಸಿ ‘ಇದೆ’ ಎಂದಿತು. ಅದೇ ವರ್ಷ ತೋಟದ ನಿಗಮ ಮಾಡಿಸಿದ ಇನ್ನೊಂದು ಪರೀಕ್ಷೆ ‘ಚಿಂತೆಗೆ ಕಾರಣವಿಲ್ಲ’ ಎಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಮಕ್ಕಳ ರಕ್ತ ನೋಡಿದ ಮೇಲೆ ಮಾತು ಬೇರೆ ದಿಕ್ಕಿಗೆ ಹೋಯಿತು. ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಹತ್ತು ವರ್ಷ. ಬಾಣ ಬಿಡುವವನ ಹಿಂದೆ ನಿಂತು ‘ಏನು ಕಾಣಿಸುತ್ತದೆ’ ಎಂದು ಕೇಳುವವರು ಯಾರು ಎಂಬುದರ ಮೇಲೂ ಉತ್ತರ ನಿಂತಿರುತ್ತದೆ.

ಇನ್ನು ಕಾನೂನು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಓದಿದರೆ ನಗಬೇಕೋ ಅಳಬೇಕೋ ತಿಳಿಯದು. ಕೊಂಡ ಗಿರಾಕಿ ಶುಲ್ಕ ಕಟ್ಟಿ ತಾನೇ ಪರೀಕ್ಷೆ ಮಾಡಿಸಬಹುದು ಎಂದು ಅದರಲ್ಲಿದೆ, ಒಳ್ಳೆಯದು. ಆಹಾರ ಸುರಕ್ಷತಾ ಅಧಿಕಾರಿ ಮಾದರಿ ತೆಗೆದರೆ ಅದನ್ನು ನಾಲ್ಕು ಪಾಲು ಮಾಡಿ ಸೀಲು ಹಾಕಬೇಕು, ಆಹಾರ ವಿಶ್ಲೇಷಕರು 14 ದಿನದಲ್ಲಿ ವರದಿ ಕೊಡಬೇಕು. ಎಣ್ಣೆ ಡಬ್ಬಿಗೆ, ಬಿಸ್ಕೀಟಿಗೆ ಇದು ಸರಿ. ಹಕ್ಕರಕಿ 14 ದಿನ ಎಲ್ಲಿ ಕಾಯಬೇಕು? ವರದಿ ಬರುವಷ್ಟರಲ್ಲಿ ಆ ಸಿವುಡು ಹೊಟ್ಟೆ ಸೇರಿ, ರೂಪ ಬದಲಿಸಿ, ಮತ್ತೆ ಹೊಲದ ಕಡೆಗೇ ಹೊರಟಿರುತ್ತದೆ. ಅದೂ ಹೋಗಲಿ, ರೈತನಿಗೂ ಅವನ ಹೊಲದ ಹಂತದ ಬೆಳೆಗೂ ಈ ಕಾಯಿದೆ ಅನ್ವಯಿಸುವುದಿಲ್ಲ ಎಂದು ಹದಿನೆಂಟನೆಯ ಕಲಮು ಸ್ಪಷ್ಟ ಹೇಳುತ್ತದೆ. ಔಷಧ ಹೊಡೆಯುವುದು ಹೊಲದಲ್ಲಿ, ಕಾನೂನು ಶುರುವಾಗುವುದು ಸಂತೆಯಲ್ಲಿ. ಸಿಕ್ಕಿಬಿದ್ದರೆ ಬೀಳುವವಳು ತಕ್ಕಡಿ ಹಿಡಿದು ಕೂತ ಮುದುಕಿ. ಅವಳು ಹೊಡೆದದ್ದು ಅಂದರೆ ನೊಣ ಮಾತ್ರ.

‘ಹಂಗಂದ್ರ ತೊಳಿಯೂದೊಂದ ದಾರಿ,’ ಎಂದಳು ಅಕ್ಕ. ಅವಳದೇ ಸರಿ ಅನಿಸುತ್ತದೆ, ಪೂರ್ತಿ ಅಲ್ಲದಿದ್ದರೂ. ಕೇರಳದ ವೆಳ್ಳಾಯಣಿ ಕೃಷಿ ಕಾಲೇಜಿನ ಪ್ರಯೋಗಾಲಯದವರು ಮಾರುಕಟ್ಟೆಯ ತರಕಾರಿ ಪರೀಕ್ಷಿಸಿ ಯಾವುದರಲ್ಲಿ ಉಳಿಕೆ ಸಿಕ್ಕಿತು, ಯಾವುದರಲ್ಲಿ ಸಿಗಲಿಲ್ಲ ಎಂದು ಪಟ್ಟಿ ಹೊರಡಿಸುತ್ತಾರೆ. ಉಪ್ಪುನೀರು, ಹುಣಸೆನೀರಿನಲ್ಲಿ ನೆನೆಸಿ ತೊಳೆಯಿರಿ ಎಂದೂ ಹೇಳುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಸೇಬಿನ ಮೇಲೆ ಪ್ರಯೋಗ ಮಾಡಿ, ಅಡುಗೆ ಸೋಡಾ ಕದಡಿದ ನೀರಲ್ಲಿ ಹನ್ನೆರಡು ಹದಿನೈದು ನಿಮಿಷ ನೆನೆಸಿದರೆ ಮೇಲ್ಮೈಯ ಔಷಧ ಹೋಗುತ್ತದೆ, ಸಿಪ್ಪೆಯೊಳಗೆ ಇಳಿದದ್ದು ಹೋಗುವುದಿಲ್ಲ ಎಂದರು. ಅಡುಗೆ ಸೋಡಾಕ್ಕೆ ನಮ್ಮ ಗದಗ ಸೀಮೆಯಲ್ಲಿ ಬರವಿಲ್ಲ. ಆದರೆ ನಾವದನ್ನು ಮಿರ್ಚಿ ಹಿಟ್ಟಿಗೆ ಹಾಕುತ್ತೇವೆ, ಮೆಣಸಿನಕಾಯಿ ತೊಳೆಯಲು ಅಲ್ಲ. ಸೋಡಾ ಹೊರಗೆ, ಔಷಧ ಒಳಗೆ, ನಡುವೆ ಕಾದ ಎಣ್ಣೆ. ಸಂಜೆ ಬಸ್‌ಸ್ಟ್ಯಾಂಡಿನ ಎದುರು ಈ ಸಂಶೋಧನೆ ದಿನಾಲೂ ನಡೆಯುತ್ತದೆ, ಗಿರ್ಮಿಟ್ಟಿನ ಸಂಗಡ. ಆದರೆ ಗಿಡದ ರಸದೊಳಗೇ ಹರಿದಾಡುವ ಜಾತಿಯ ಔಷಧಗಳಿವೆ, ಮೊನೊಕ್ರೊಟೊಫಾಸ್‌ನಂಥವು. ಅವು ಉಪ್ಪುನೀರಿಗೂ ನಗುತ್ತವೆ, ಹುಣಸೆಗೂ ನಗುತ್ತವೆ. ತರಕಾರಿಗೆ ಇದನ್ನು ಹೊಡೆಯಬಾರದು ಎಂದು 2005ರಲ್ಲೇ ಆದೇಶವಾಗಿತ್ತು. ಆದರೆ ಹತ್ತಿಗೆಂದು ಕೊಂಡ ಡಬ್ಬಿಯಲ್ಲಿ ತಳಕ್ಕೆ ಉಳಿದದ್ದು ಪಕ್ಕದ ಬದನಿ ಸಾಲಿಗೆ ಹೋಗದಂತೆ ನೋಡಿಕೊಳ್ಳಲು ಆದೇಶಕ್ಕೆ ಕೈಕಾಲು ಇರಲಿಲ್ಲ.

ನಾನು ಬೀಗರನ್ನು ಸುಮ್ಮನೆ ಬಿಡಲಿಲ್ಲ. ನರಗುಂದದವರು 1858ರಲ್ಲಿ ಬ್ರಿಟಿಷರನ್ನು ಕೇಳಿದವರು, 1980ರ ಜುಲೈನಲ್ಲಿ ನೀರಿನ ಕರ, ಅಭಿವೃದ್ಧಿ ಕರದ ವಿಷಯಕ್ಕೆ ಸರ್ಕಾರವನ್ನೇ ನಡುಗಿಸಿದವರು, 2015ರಿಂದ ಮಹದಾಯಿಗಾಗಿ ವರ್ಷಗಟ್ಟಲೆ ಧರಣಿ ಕೂತವರು. ‘ಇಷ್ಟೆಲ್ಲ ಕೇಳೋ ನೀವು, ಔಷಧದ ಅಂಗಡಿಯವನಿಗೆ ಒಂದ ಮಾತ ಕೇಳೀರೇನ್ರಿ, ಇದನ್ನ ಹೊಡದ ಎಷ್ಟ ದಿನಕ್ಕ ಕಾಯಿ ಹರೀಬೇಕು ಅಂತ?’

‘ಕೇಳೂದ್ಯಾಕ? ಡಬ್ಬೀ ಮ್ಯಾಲೆ ಬರದಿರ್ತದ.’

‘ಓದೀರಿ?’

‘ಅಕ್ಷರ ಇರೂದು ಸಾಸ್ವಿಕಾಳಿನ ಮ್ಯಾಲೆ ಬರದಷ್ಟು. ತ್ರಿಕೋನ ನೋಡ್ತೇವಿ. ಕೆಂಪಿದ್ರ ಜೋರು, ಹಳದಿ ಇದ್ರ ಸುಮಾರು, ನೀಲಿ ಹಸರು ಇದ್ರ ಹೊಡದ್ರೂ ಹುಳ ಸಾಯೂದಿಲ್ಲ ಅಂತೀವಿ.’

ತ್ರಿಕೋನದ ಬಣ್ಣ ಮನುಷ್ಯನಿಗೆ ಎಷ್ಟು ವಿಷ ಎಂದು ಎಚ್ಚರಿಸಲು ಇಟ್ಟದ್ದು, ಹುಳಕ್ಕೆ ಎಷ್ಟು ಎಂದು ಹೇಳಲು ಅಲ್ಲ. ಕೊಳ್ಳುವವನು ಅದನ್ನೇ ಶಕ್ತಿಯ ಅಳತೆ ಮಾಡಿಕೊಂಡಿದ್ದಾನೆ. ಇನ್ನು ಕಾಯುವ ದಿನಗಳು: ಒಂದಕ್ಕೆ ಮೂರು, ಒಂದಕ್ಕೆ ಹದಿನೈದು, ಇನ್ನೊಂದಕ್ಕೆ ತಿಂಗಳು. ಅಷ್ಟು ದಿನದಲ್ಲಿ ಬಿಸಿಲು, ಗಾಳಿ, ಗಿಡದ ಬೆಳವಣಿಗೆ ಸೇರಿ ಔಷಧವನ್ನು ಮಿತಿಯ ಕೆಳಗೆ ಇಳಿಸುತ್ತವೆ. ಕೋಟಿ ರೂಪಾಯಿಯ ಯಂತ್ರ ಕೊನೆಗೆ ಅಳೆಯುವುದೂ ಇದನ್ನೇ, ಹೊಡೆದದ್ದಕ್ಕೂ ಹರಿದದ್ದಕ್ಕೂ ನಡುವೆ ಎಷ್ಟು ದಿನ ಎಂದು. ಯಂತ್ರಕ್ಕೆ ಹತ್ತು ಗ್ರಾಂ ಮುದ್ದೆ ಬೇಕು, ನಮಗೆ ಬಾಯಿ ಸಾಕಿತ್ತು. ಆದರೆ ಬೀಗರ ಲೆಕ್ಕ ಬೇರೆ. ಬದನಿ ಫಲ ಹಿಡಿದರೆ ನಾಲ್ಕೈದು ದಿನಕ್ಕೊಮ್ಮೆ ಹರಿಯಲೇಬೇಕು, ಬಿಟ್ಟರೆ ಬಲಿಯುತ್ತದೆ. ಅಷ್ಟರೊಳಗೆ ಕುಡಿ, ಕಾಯಿ ಎರಡನ್ನೂ ಕೊರೆಯುವ ಹುಳ ಬಂದರೆ ಹೊಡೆಯಲೇಬೇಕು. ಇಂದು ಹೊಡೆದಿರುತ್ತಾನೆ, ನಾಳೆ ಗದಗದ ಮಾರ್ಕೆಟ್ಟಿನಲ್ಲಿ ರೇಟು ಏರಿದ ಸುದ್ದಿ ಮೊಬೈಲಿಗೆ ಬರುತ್ತದೆ.

‘ಕಾಯ್ಲಿ ಅಂದ್ರ ನಾ ಕಾಯ್ತೇನ್ರಿ. ರೇಟು ಕಾಯ್ತದೇನು?’

ಇದಕ್ಕೆ ಅಳಿಯಂದಿರ ಡಬ್ಬಿಯಲ್ಲಿ ಚೀಟಿ ಇರಲಿಲ್ಲ.

ಬದನಿಕಾಯಿಗೆ ಔಷಧವೇ ಬೇಡದಂತೆ ಮಾಡುತ್ತೇವೆ ಎಂದು ಬಂದ ಕತೆಯೂ ನಮ್ಮ ಮಗ್ಗುಲಲ್ಲೇ ಹುಟ್ಟಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಮಾಳಾಪುರ, ಮಂಜರಿ ಗೋಟಾ, ರಬಕವಿ, ಕುಡಚಿ, ಉಡುಪಿ ಗುಳ್ಳ ಮುಂತಾದ ತಳಿಗಳಿಗೆ ಬಿಟಿ ಜೀನು ಸೇರಿಸಿದ್ದರು. 2009ರ ಅಕ್ಟೋಬರಿನಲ್ಲಿ ಕೇಂದ್ರದ ಸಮಿತಿ ಒಪ್ಪಿತು, ಊರೂರಲ್ಲಿ ಬದನೆಕಾಯಿಯ ಹಾರ ಹಾಕಿಕೊಂಡು ಜನ ಬೀದಿಗಿಳಿದರು, 2010ರ ಫೆಬ್ರುವರಿಯಲ್ಲಿ ಸಚಿವ ಜೈರಾಮ್ ರಮೇಶ್ ತಡೆ ಹಿಡಿದರು. ಸರಿಯೋ ತಪ್ಪೋ ಎಂದು ಈಗಲೂ ಜಗಳಾಡುವವರಿದ್ದಾರೆ. ನನಗೆ ಅನಿಸುವುದು ಇಷ್ಟು: ಜೀನಿನ ವಿರುದ್ಧ ಹಾರ ಹಾಕಿಕೊಂಡ ನಾವು ಸ್ಪ್ರೇ ಪಂಪಿನ ವಿರುದ್ಧ ಒಂದು ಕಾಯಿಯನ್ನೂ ಪೋಣಿಸಲಿಲ್ಲ. ಇನ್ನೊಂದು ದಾರಿ ಮೋಹಕ ಬಲೆ. ಹೆಣ್ಣು ಪತಂಗದ ವಾಸನೆಯ ಬಿಲ್ಲೆ ತೂಗುಹಾಕಿದರೆ ಗಂಡು ಪತಂಗ ಹುಡುಕಿಕೊಂಡು ಬಂದು ಬಲೆಗೆ ಬೀಳುತ್ತದೆ. ಇದನ್ನು ವಿವರಿಸಿದಾಗ ಅಕ್ಕ ‘ಇದರಾಗ ಹೊಸಾದೇನೈತಿ’ ಎನ್ನುವಂತೆ ಎಲ್ಲ ಗಂಡಸರನ್ನೂ ಸಾಲಾಗಿ ನೋಡಿದಳು.

ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರ ಸಾಲಾಗಿ ನಿಂತಿವೆ. ಗಾಳಿ ಇದೆಯೆಂದೇ ಕಂಪನಿಗಳು ಅಲ್ಲಿಗೆ ಬಂದದ್ದು. ಆ ಗಾಳಿಗೆ ಎದುರಾಗಿ ಮೆಣಸಿನಕಾಯಿಗೆ ಔಷಧ ಹೊಡೆಯುವುದೆಂದರೆ ಅರ್ಧ ಗಿಡಕ್ಕೆ, ಕಾಲು ಪಕ್ಕದವನ ಹೊಲಕ್ಕೆ, ಉಳಿದದ್ದು ಹೊಡೆದವನ ಮುಖಕ್ಕೆ. ಪಕ್ಕದವನು ಸಾವಯವ ಎಂದು ಬೋರ್ಡು ಹಾಕಿ ಕೂತಿದ್ದರೂ ಗಾಳಿಗೆ ಬೋರ್ಡು ಓದಲು ಬರುವುದಿಲ್ಲ. ಯಂತ್ರ ಅವನ ಕಾಯಿಯಲ್ಲೂ ಔಷಧ ತೋರಿಸುತ್ತದೆ, ಅವನು ಆಣೆ ಮಾಡುತ್ತ ನಿಲ್ಲಬೇಕು. ಮಹಾರಾಷ್ಟ್ರದ ಯವತ್ಮಾಳದಲ್ಲಿ 2017ರಲ್ಲಿ ಹತ್ತಿಗೆ ಔಷಧ ಹೊಡೆಯುತ್ತಲೇ ಇಪ್ಪತ್ತರಷ್ಟು ರೈತರು, ಕೂಲಿಕಾರರು ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ತಿನ್ನುವವರ ತಟ್ಟೆಗೆ ಬರುವುದು ಮಿಲಿಗ್ರಾಮಿನ ನೂರನೆಯ ಪಾಲು. ಹೊಡೆಯುವವನ ಬೆನ್ನ ಮೇಲೆ ಸೋರುವುದು ಲೀಟರು. ಅದನ್ನು ಪರೀಕ್ಷಿಸುವ ಚೀಟಿಯನ್ನು ಅಳಿಯಂದಿರು ಯಾವ ಅಂಗಡಿಯಲ್ಲೂ ಕಂಡಿಲ್ಲವಂತೆ.

ಮೆಣಸಿನಕಾಯಿಯ ಮಾತು ಬಂತಲ್ಲ, ಒಣ ಮೆಣಸಿನಕಾಯಿ ನಮ್ಮ ಎರಿ ಭೂಮಿಯ ಕೆಂಪು ಬಂಗಾರ. ಗದಗ, ಬ್ಯಾಡಗಿಯ ಪೇಟೆಗೆ ಹೋಗಿ ಅಲ್ಲಿಂದ ಪುಡಿಯಾಗಿ ದೇಶಾಂತರ ಹೋಗುತ್ತದೆ. 2024ರ ಏಪ್ರಿಲಿನಲ್ಲಿ ಸಿಂಗಪುರ, ಹಾಂಗ್‌ಕಾಂಗಿನವರು ನಮ್ಮ ದೇಶದ ಮಸಾಲೆ ಪುಡಿ ಕೆಲವನ್ನು ಎಥಿಲೀನ್ ಆಕ್ಸೈಡ್ ಇದೆಯೆಂದು ಮಾರಾಟದಿಂದ ತೆಗೆಸಿದರು. ಅದೇ ತಿಂಗಳು ನಮ್ಮ ಆಹಾರ ಪ್ರಾಧಿಕಾರ, ಇಲ್ಲಿ ನೋಂದಣಿಯಾಗದ ಕೀಟನಾಶಕಗಳಿಗೆ ಮಸಾಲೆಯಲ್ಲಿ ಸಾಮಾನ್ಯ ಮಿತಿಯನ್ನು 0.01ರಿಂದ 0.1ಕ್ಕೆ ಏರಿಸಿತು. ಇದರಲ್ಲಿ ತರ್ಕವೇ ಇಲ್ಲ ಎನ್ನಲಾರೆ. ಹಸಿ ಕಾಯಿ ಒಣಗಿದಾಗ ಹೋಗುವುದು ನೀರು, ಉಳಿಯುವುದು ಔಷಧ. ಒಂದು ಕಿಲೋ ಒಣ ಕಾಯಿಯಲ್ಲಿ ಹಲವು ಕಿಲೋ ಹಸಿ ಕಾಯಿಯ ಪಾಪ ಕೂಡಿರುತ್ತದೆ. ಆದರೂ ಪರೀಕ್ಷೆಯಲ್ಲಿ ಮಗ ನಪಾಸಾದರೆ ಪಾಸಿನ ಅಂಕವನ್ನೇ ಇಳಿಸುವ ಮೇಷ್ಟ್ರು ನೆನಪಾದರೆ ನನ್ನ ತಪ್ಪಲ್ಲ. ದ್ರೋಣಾಚಾರ್ಯರಾದರೂ ಹಕ್ಕಿಯನ್ನು ಕೆಳಗಿನ ಟೊಂಗೆಗೆ ಇಳಿಸಲಿಲ್ಲ.

ಅಳಿಯಂದಿರು ಬೆಂಗಳೂರಿಗೆ ಹೋದ ಮೇಲೆ ಅಕ್ಕ ಸಂತೆಗೆ ಹೊರಟಳು, ಚೀಲ ಹಿಡಿಯಲು ನಾನು. ತೂತಿರುವ ಕಾಯಿ ನೋಡಿ ತಗೋ ಎಂದು ಯಾರೋ ಅವಳ ತಲೆಗೆ ತುಂಬಿದ್ದರು. ತೂತಿದ್ದರೆ ಔಷಧ ಇಲ್ಲ ಎನ್ನುವಂತಿಲ್ಲ, ಹುಳ ಒಳಹೊಕ್ಕು ಬಾಗಿಲು ಹಾಕಿಕೊಂಡ ಮೇಲೆ ಮನೆಯ ಹೊರಗೆ ಎಷ್ಟು ಹೊಡೆದರೂ ಅದಕ್ಕೆ ಮುಟ್ಟದು ಎಂದು ನಾನು ಹೇಳುತ್ತಲೇ ಇದ್ದೆ. ಅವಳು ಕಾಯಿಪಲ್ಲೆಯವಳ ಮುಂದೆ ಕೂತೇ ಬಿಟ್ಟಿದ್ದಳು.

‘ತಂಗಿ, ಇದಕ ಎಣ್ಣಿ ಎಂದ ಹೊಡದಾರ?’

ಆಕೆ ತಕ್ಕಡಿ ಕೆಳಗಿಟ್ಟಳು. ‘ಇಷ್ಟ ವರ್ಷ ಆತ್ರಿ ಯಕ್ಕಾರ ಕಾಯಿಪಲ್ಲೆ ಮಾರಾಕತ್ತಿ, ಎಳೀದೈತೇನು, ಬಲತೈತೇನು, ತೂಕ ಸರಿ ಐತೇನು ಅಂತಾರ. ಇದನ್ನ ಯಾರೂ ಕೇಳಿದ್ದಿಲ್ಲ ನೋಡ್ರಿ.’ ಆಮೇಲೆ ಎರಡು ಗುಂಪು ತೋರಿಸಿದಳು. ಒಂದರಲ್ಲಿ ಕನ್ನಡಿಯಂಥ ಕಾಯಿ, ನಲವತ್ತು ರೂಪಾಯಿಗೆ ಕಿಲೋ. ಇನ್ನೊಂದರಲ್ಲಿ ತೂತು, ಕಲೆ, ಸೊಟ್ಟ. ‘ಇವು ನಮ್ಮ ಮನಿ ಸಾಲಿನ್ವು. ಏನೂ ಹೊಡದಿಲ್ಲ. ಮೂವತ್ತಕ್ಕ ಒಯ್ರಿ.’

‘ಹುಳ ಬಿದ್ದದ್ದಕ ಮೂವತ್ತು?’ ಅಕ್ಕನ ದನಿ ಏರಿತು. ‘ಹದಿನೈದು ಮಾಡು. ಹುಳದ ತೂಕಾನೂ ನಮ್ಮ ಮ್ಯಾಲೇ ಹಾಕ್ತಿ?’

‘ಖರೇ ಅಂದ್ರ ಹುಳಕ್ಕ ಬ್ಯಾರೆ ರೊಕ್ಕ ಹಿಡೀಬೇಕ್ರಿ ಯಕ್ಕಾರ,’ ಎನ್ನುತ್ತ ಆಕೆ ಕಾಯಿ ತಕ್ಕಡಿಗೆ ಹಾಕತೊಡಗಿದಳು. ‘ನಿಮಗಿಂತ ಮೊದಲ ತಿಂದು ನೋಡಿ, ಪಾಸ್ ಅಂತ ಹೇಳಿದ್ದು ಅದ ಅಲ್ಲೇನ್ರಿ?’